ಎಚ್ಚರಿಕೆ ಕೊಟ್ಟರೆ ಸಾಲದು



ಮಳೆಗಾಲದಲ್ಲಿ, ಈಚಿನ ವರ್ಷಗಳಲ್ಲಂತೂ ಮಳೆಗಾಲದ ಆಚೀಚೆಗೂ, ನಮ್ಮ ದಿನಪತ್ರಿಕೆಗಳ ಮೂಲೆಯಲ್ಲಿ ಒಂದೇ ಸುದ್ದಿ ಮತ್ತೆ ಮತ್ತೆ ಅಚ್ಚಾಗುತ್ತದೆ. ಗಾಳಿಯು ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗದಲ್ಲಿ ಬೀಸುವ ಸಂಭವವಿದೆ, ಮೀನುಗಾರರು ಕಡಲಿಗಿಳಿಯಬಾರದು ಎಂಬುದೇ ಆ ಸುದ್ದಿ. ಪೇಟೆಯಲ್ಲಿ ಕುಳಿತು ಓದುವವನಿಗೆ ಅದು ಮಳೆಯ ಸುದ್ದಿಯ ಬಾಲವಿದ್ದಂತೆ. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಕಸಬಾ, ಬೇಕಲ, ಚೆರುವತ್ತೂರು ಮೊದಲಾದ ಕಡಲ ತಡಿಯ ಮನೆಗಳಲ್ಲಿ ಅದು ಆ ದಿನದ ಅಕ್ಕಿಯ ಪ್ರಶ್ನೆ.

ನಮ್ಮ ಅನ್ಯೋನ್ಯತೆಯ ಕೂಟದಲ್ಲಿ ಕಡಲಿಗೆ ಹೋಗುವವರು ಹೆಚ್ಚು ಮಂದಿ ಇಲ್ಲ. ನಮ್ಮ ಕರಾವಳಿಯಲ್ಲಿ ಬಲೆ ಎಳೆಯುವವರು ಬಹುಪಾಲು ಮೊಗವೀರ, ಮುಕಯ ಮತ್ತು ಮುಸ್ಲಿಂ ಬಾಂಧವರು. ಆದರೆ ದುಡಿಯುವವನ ಪ್ರಾಣದ ಮಾತು ಬಂದಾಗ ಅವನು ಯಾವ ಸಭೆಯವನೆಂದು ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲ, ಇರಲೂಬಾರದು. ಆದುದರಿಂದ ಈ ಸಲ ಕಡಲಿನ ಮುನ್ಸೂಚನೆಯ ವಿಷಯವನ್ನು ಎತ್ತಿಕೊಂಡಿದ್ದೇವೆ.

ನಾವು ಹೇಳಬೇಕೆಂದಿರುವುದು ಇಷ್ಟೆ. ಮುನ್ಸೂಚನೆ ಎಷ್ಟೇ ನಿಖರವಾಗಿದ್ದರೂ ಅದನ್ನು ಪಾಲಿಸುವ ಶಕ್ತಿ ದುಡಿಯುವವನಿಗೆ ಇಲ್ಲದಿದ್ದರೆ ಕೆಲಸ ಅರ್ಧವೇ ಆದಂತೆ. ಉಳಿದರ್ಧವನ್ನು ಹವಾಮಾನ ಕಚೇರಿಯವರು ಮಾಡಲಾರರು. ಅದು ಸರಕಾರದ್ದು, ದೋಣಿಯ ಧಣಿಗಳದ್ದು, ಮೀನು ತಿನ್ನುವ ನಮ್ಮೆಲ್ಲರದ್ದು, ಸಭೆಯದ್ದೂ ಹೌದು.

ಮುನ್ಸೂಚನೆ ಬರುವ ದಾರಿ

ಮೊದಲು ಸಲ್ಲಬೇಕಾದವರಿಗೆ ಗೌರವ ಸಲ್ಲಿಸೋಣ. ನಮ್ಮ ದೇಶದಲ್ಲಿ ಬಿರುಗಾಳಿಯ ಮುನ್ನೆಚ್ಚರಿಕೆ ಹುಟ್ಟಿದ್ದೇ ಸಾವಿನಿಂದ. 1864ರಲ್ಲಿ ಕಲ್ಕತ್ತೆಗೆ ಬಡಿದ ಚಂಡಮಾರುತದಲ್ಲಿ ಸಾವಿರಾರು ಜನ ಸತ್ತ ಮೇಲೆ 1865ರಲ್ಲಿ ಅಲ್ಲಿನ ಬಂದರಿನಲ್ಲಿ ಹಡಗುಗಳಿಗೆ ಎಚ್ಚರಿಕೆ ಕೊಡುವ ಏರ್ಪಾಡಾಯಿತು. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಗಾಳಿ ಮತ್ತು ಚಂಡಮಾರುತದ ಎಚ್ಚರಿಕೆ ಇಂದಿಗೂ ಅದರ ಹೊಣೆ. ಅಲೆ, ಉಬ್ಬರ, ನೀರಿನ ಸೆಳೆತ, ಮೀನು ಸಿಗಬಹುದಾದ ಜಾಗ, ಇವುಗಳ ಲೆಕ್ಕ ಹಾಕಿ ತಿಳಿಸುವುದು 1999ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ. ಅದನ್ನು ಇಂಕಾಯ್ಸ್ ಎಂದು ಕರೆಯುತ್ತಾರೆ. ಉಪಗ್ರಹದ ಚಿತ್ರ, ಕಡಲಲ್ಲಿ ತೇಲಿಬಿಟ್ಟ ಬೋಯೆಗಳ ಅಳತೆ, ದಡದ ರಾಡಾರ್, ಕಂಪ್ಯೂಟರಿನ ಲೆಕ್ಕ, ಇವೆಲ್ಲ ಸೇರಿ ಮುಂದಿನ 5 ದಿನಗಳ ಎಚ್ಚರಿಕೆ ಸಿದ್ಧವಾಗುತ್ತದೆ. ಹಗಲಿರುಳೆನ್ನದೆ ಕುಳಿತು ಈ ಲೆಕ್ಕ ಮಾಡುವವರೂ ದುಡಿಯುವ ಜನರೇ.

ಆದರೆ ಆ ಲೆಕ್ಕದ ಭಾಷೆ ನಮಗೆ ತಿಳಿದಿರಬೇಕು. ಉದಾಹರಣೆಗೆ, ಅಲೆಯ ಎತ್ತರ 3 ಮೀಟರ್ ಎಂದು ಮುನ್ಸೂಚನೆಯಲ್ಲಿ ಬಂದರೆ ಪ್ರತಿಯೊಂದು ಅಲೆಯೂ 3 ಮೀಟರ್ ಇರುತ್ತದೆಂದು ಅರ್ಥವಲ್ಲ. ಬರುವ ಅಲೆಗಳಲ್ಲಿ ದೊಡ್ಡವಾದ ಮೂರನೆಯ ಒಂದು ಪಾಲನ್ನು ಆರಿಸಿ, ಅವುಗಳ ಸರಾಸರಿ ತೆಗೆದಾಗ ಬರುವ ಸಂಖ್ಯೆ ಅದು. ಅಂಥ ಕಡಲಿನಲ್ಲಿ ಆಗೊಮ್ಮೆ ಈಗೊಮ್ಮೆ ಅದರ ಇಮ್ಮಡಿಗೆ ಹತ್ತಿರದ ಅಲೆಯೂ ಏಳಬಹುದು. ಅಳಿವೆ ಬಾಗಿಲಲ್ಲಿ ದೋಣಿ ಮಗುಚಲು ಅಂಥ ಒಂದೇ ಅಲೆ ಸಾಕು. ಹಾಗೆಯೇ ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟಿದ ಮೇಲೆಯೇ ಅದಕ್ಕೆ ಚಂಡಮಾರುತವೆಂಬ ಹೆಸರು ಬರುತ್ತದೆ. ಅದಕ್ಕಿಂತ ಕೆಳಗಿನ ಗಾಳಿಗೆ ಹೆಸರಿಲ್ಲ, ಪತ್ರಿಕೆಯಲ್ಲಿ ದೊಡ್ಡ ತಲೆಬರಹವೂ ಇಲ್ಲ. ಆದರೆ 50 ಕಿಲೋಮೀಟರಿನ ಗಾಳಿ ಸಣ್ಣ ನಾಡದೋಣಿಗೆ ಸಾಲದೆಂದೇನೂ ಇಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ಬಿಡಿಸಬೇಕಾಗಿದೆ. ಹಳದಿ, ಕಿತ್ತಳೆ, ಕೆಂಪು ಎಂದು ಜಿಲ್ಲೆಗಳಿಗೆ ಬಣ್ಣ ಹಚ್ಚಿ ದಿನವೂ ಹೇಳುವ ಎಚ್ಚರಿಕೆ ಸಾಮಾನ್ಯವಾಗಿ ಮಳೆಗೆ ಸಂಬಂಧಿಸಿದ್ದು. ಕಡಲಿನ ಎಚ್ಚರಿಕೆ ಬೇರೆಯೇ ಬರುತ್ತದೆ. ಕಾಸರಗೋಡಿಗೆ ಮಳೆಯ ಎಚ್ಚರಿಕೆ ಇಲ್ಲದ ದಿನವೂ ಕಾಸರಗೋಡಿನ ಕಡಲು ಅಪಾಯದ್ದಾಗಿರಬಹುದು. ಮೇಲೆ ಬಿಸಿಲು ಕಂಡು ಕೆಳಗಿನ ನೀರನ್ನು ನಂಬಬಾರದು.

ಎರಡು ಬಿರುಗಾಳಿಗಳ ಪಾಠ

ಎಚ್ಚರಿಕೆ ಎಲ್ಲಿ ಸೋಲುತ್ತದೆಂದು ತಿಳಿಯಲು ದೂರದ ಉದಾಹರಣೆ ಬೇಡ. ನಮ್ಮ ಅರಬೀ ಸಮುದ್ರದಲ್ಲೇ ನಡೆದ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು.

ಮೊದಲನೆಯದು 2017ರ ನವೆಂಬರ್ ಕೊನೆಯ ಓಖಿ. ಶ್ರೀಲಂಕಾದ ಪಕ್ಕದಲ್ಲಿ ನವೆಂಬರ್ 29ರಂದು ವಾಯುಭಾರ ಕುಸಿತವಾಗಿದ್ದುದು ಸುಮಾರು ಒಂದೇ ದಿನದಲ್ಲಿ, ನವೆಂಬರ್ 30ಕ್ಕೆ, ಚಂಡಮಾರುತವಾಯಿತು. ಅಷ್ಟರಲ್ಲಿ ಕನ್ಯಾಕುಮಾರಿ ಮತ್ತು ತಿರುವನಂತಪುರದ ತೀರಗಳಿಂದ ನೂರಾರು ದೋಣಿಗಳು ಹೊರಟುಹೋಗಿದ್ದವು. ಆಳ ಸಮುದ್ರಕ್ಕೆ ಹೋದವರು ಹಲವು ದಿನಗಳ ಹಿಂದೆಯೇ ಹೋಗಿದ್ದವರು. ದಡ ಬಿಟ್ಟು ಸ್ವಲ್ಪ ದೂರ ಹೋದರೆ ಮೊಬೈಲ್ ಫೋನು ಸತ್ತ ಕಲ್ಲು. ದಡದಲ್ಲಿ ಹೊರಡಿಸಿದ ಎಚ್ಚರಿಕೆ ಅವರ ಕಿವಿಗೆ ಬೀಳುವ ದಾರಿಯೇ ಇರಲಿಲ್ಲ. ನೂರಾರು ಮಂದಿ ಮರಳಲಿಲ್ಲ. ಬದುಕುಳಿದ ಕೆಲವರ ದೋಣಿಗಳು ಮಹಾರಾಷ್ಟ್ರದ ದೇವಗಡದವರೆಗೂ ಹೋಗಿ ಸೇರಿದವು. ಸತ್ತವರಲ್ಲಿ ಬಹಳ ಮಂದಿ ನಮ್ಮ ಕ್ರೈಸ್ತ ಸಹೋದರರು. ಆ ವರ್ಷದ ಕ್ರಿಸ್ಮಸ್ ಆ ತೀರದ ಗುಡಿಗಳಲ್ಲಿ ದುಃಖದ ಕ್ರಿಸ್ಮಸ್ ಆಗಿತ್ತು. ಯಾರು ಯಾರಿಗೆ ಯಾವ ಗಂಟೆಗೆ ತಿಳಿಸಿದರು ಎಂಬುದರ ಮೇಲೆ ಕಚೇರಿಗಳ ನಡುವೆ ಬಹುಕಾಲ ವಾದ ನಡೆಯಿತು. ಅದರ ಫಲವಾಗಿ 2018ರ ಅಕ್ಟೋಬರಿನಲ್ಲಿ ತಿರುವನಂತಪುರದಲ್ಲಿ ಚಂಡಮಾರುತ ಎಚ್ಚರಿಕೆ ಕೇಂದ್ರವೊಂದು ಆರಂಭವಾಯಿತು. ಕೇರಳದ ಜೊತೆ ಕರ್ನಾಟಕದ ಕರಾವಳಿಯೂ ಅದರ ಹೊಣೆಗೆ ಸೇರಿತು.

ಎರಡನೆಯದು 2021ರ ಮೇ ತಿಂಗಳ ತೌಕ್ತೆ. ಈ ಸಲ ಮುನ್ಸೂಚನೆ ಸಕಾಲಕ್ಕೆ ಬಂತು. ಚಂಡಮಾರುತ ಹುಟ್ಟುವ ಮೊದಲೇ ಲಕ್ಷದ್ವೀಪ, ಕೇರಳ, ಕರ್ನಾಟಕದ ಮೀನುಗಾರರಿಗೆ ಮರಳಿ ಬರುವಂತೆ ತಿಳಿಸಲಾಯಿತು. ಬಹುತೇಕ ದೋಣಿಗಳು ದಡ ಸೇರಿದವು. ಮೇ 14ರಿಂದ ನಮ್ಮ ತೀರದ ಉದ್ದಕ್ಕೂ ಅದು ಉತ್ತರಕ್ಕೆ ಸಾಗುವಾಗ ಉಪ್ಪಳದ ಮುಸೋಡಿಯಲ್ಲಿ ಕಡಲ್ಕೊರೆತಕ್ಕೆ ಸಿಕ್ಕಿ ಮನೆ ಕುಸಿದದ್ದನ್ನು ಊರೆಲ್ಲ ಕಂಡಿತು. ಆದರೂ ಓಖಿಯಂತೆ ಮೀನುಗಾರರ ಹೆಣಗಳನ್ನು ಎಣಿಸುವ ಗತಿ ಬರಲಿಲ್ಲ. ಇದು ಮುನ್ಸೂಚನೆಯ ಗೆಲುವು. ಒಪ್ಪಿಕೊಳ್ಳಲೇಬೇಕು.

ಆದರೆ ಅದೇ ತೌಕ್ತೆಯಲ್ಲಿ ಮತ್ತೊಂದು ನಡೆಯಿತು. ಮುಂಬಯಿಯ ಆಚೆ, ಬಾಂಬೆ ಹೈ ಎಣ್ಣೆ ಬಾವಿಗಳ ಬಳಿ, ಪಿ-305 ಎಂಬ ಬಾರ್ಜಿನಲ್ಲಿ 261 ಮಂದಿ ಇದ್ದರು. ಎಣ್ಣೆ ಬಾವಿಗಳ ಕೆಲಸಕ್ಕಾಗಿ ಗುತ್ತಿಗೆಯ ಮೇಲೆ ಹೋದ ವೆಲ್ಡರ್, ಫಿಟ್ಟರ್, ಸಹಾಯಕರೇ ಅವರಲ್ಲಿ ಬಹುಪಾಲು. ಕೇರಳದವರೂ ಇದ್ದರು. ಎಚ್ಚರಿಕೆ ಕೆಲವು ದಿನ ಮೊದಲೇ ತಲುಪಿತ್ತು. ಆದರೂ ಬಾರ್ಜು ಬಂದರಿಗೆ ಮರಳಲಿಲ್ಲ. ಮೇ 17ರಂದು ಅದು ಮುಳುಗಿತು. ನೌಕಾಪಡೆಯವರು ಪ್ರಾಣದ ಹಂಗು ತೊರೆದು 186 ಮಂದಿಯನ್ನು ನೀರಿನಿಂದ ಎತ್ತಿದರು. ಎಪ್ಪತ್ತಕ್ಕೂ ಮಿಕ್ಕಿ ಜನ ಸತ್ತರು. ನಮಗೆ ಹತ್ತಿರದ ಮೂಲ್ಕಿಯ ಸಮೀಪ ಬಂಡೆಗಳ ನಡುವೆ ಸಿಕ್ಕಿಬಿದ್ದ ಕೋರಮಂಡಲ್ ಸಪೋರ್ಟರ್ ಎಂಬ ಟಗ್ಗಿನ 9 ಮಂದಿಯನ್ನೂ ಅದೇ 17ರಂದು ಹೆಲಿಕಾಪ್ಟರ್ ಮತ್ತು ದೋಣಿಯ ಮೂಲಕ ಬದುಕಿಸಿ ತಂದರು. ಅದು ದೇವರ ದಯೆ, ರಕ್ಷಕರ ಧೈರ್ಯ.

ಈ ಎರಡನ್ನೂ ಸೇರಿಸಿ ಓದಿರಿ. ಓಖಿಯಲ್ಲಿ ಎಚ್ಚರಿಕೆ ತಡವಾಯಿತು, ಜನ ಸತ್ತರು. ತೌಕ್ತೆಯಲ್ಲಿ ಎಚ್ಚರಿಕೆ ಮೊದಲೇ ಬಂತು, ಸ್ವಂತ ದೋಣಿಯವರು ಮರಳಿದರು, ಕೂಲಿಗಾಗಿ ಕಡಲಲ್ಲಿದ್ದವರು ಸತ್ತರು. ಹೋಗುವುದೋ ಬಿಡುವುದೋ ಎಂದು ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿತ್ತೋ ಅವರ ಬದುಕೂ, ಅದು ಯಾರ ಕೈಯಲ್ಲಿ ಇರಲಿಲ್ಲವೋ ಅವರ ಸಾವೂ ಇಲ್ಲಿ ಬೇರೆಬೇರೆಯಾಗಿ ಕಾಣುತ್ತವೆ.

ಪೌಲನ ಪ್ರಯಾಣ

ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಪೌಲನ ನಂಬಿಕೆಯ ಕಥೆಯಾಗಿ ಓದುತ್ತೇವೆ. ಕಾರ್ಮಿಕನ ಕಣ್ಣಿನಿಂದ ಒಮ್ಮೆ ಓದಿ ನೋಡಿರಿ. ಉಪವಾಸದ ದಿನ ಕಳೆದುಹೋಗಿದೆ, ಎಂದರೆ ಪ್ರಯಾಣದ ಋತು ಮುಗಿದಿದೆ. ಹಡಗು ಕ್ರೇತ ದ್ವೀಪದ ಒಂದು ರೇವಿನಲ್ಲಿದೆ. ಮುಂದೆ ಹೋದರೆ ಸರಕಿಗೆ ಮಾತ್ರವಲ್ಲ, ಪ್ರಾಣಕ್ಕೂ ಹಾನಿಯೆಂದು ಪೌಲನು ಎಚ್ಚರಿಸುತ್ತಾನೆ. ಆದರೆ ಶತಾಧಿಪತಿಯು ಹಡಗು ನಡಿಸುವವನ ಮತ್ತು ಹಡಗಿನ ಯಜಮಾನನ ಮಾತನ್ನೇ ಹೆಚ್ಚಾಗಿ ನಂಬುತ್ತಾನೆ. ಹಡಗಿನಲ್ಲಿ ಗೋದಿ ಇದೆ. ಗೋದಿ ತಲುಪಬೇಕಾಗಿದೆ. ಹಡಗಿನಲ್ಲಿದ್ದವರು 276 ಮಂದಿ. ಅವರಲ್ಲಿ ಬೇಡಿ ತೊಟ್ಟ ಸೆರೆಯವರಿದ್ದರು, ಹಗ್ಗ ಎಳೆಯುವ ಆಳುಗಳಿದ್ದರು. ಹೊರಡುವ ವಿಷಯದಲ್ಲಿ ಅವರನ್ನು ಯಾರೂ ಕೇಳಲಿಲ್ಲ.

ಕರ್ತನ ಕೃಪೆಯಿಂದ ಅವರೆಲ್ಲ ಮೆಲೀತೆ ದ್ವೀಪದ ದಡ ಸೇರಿದರು. ಆದರೆ ಆ ಕೃಪೆಯನ್ನು ಮುಂದಿಟ್ಟು ಯಜಮಾನನ ತೀರ್ಮಾನ ಸರಿಯಾಗಿತ್ತೆಂದು ಯಾವ ಬೋಧಕನೂ ಪ್ರಸಂಗ ಮಾಡಲಾರ.

ಇದು ಹಳೆಯ ಕಥೆಯೆಂದು ಬಿಡುವಂತಿಲ್ಲ. ಮೀನುಗಾರಿಕೆಯ ಕೆಲಸದ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2007ರಲ್ಲಿ 188ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ದೋಣಿಯ ಸುರಕ್ಷೆಗಾಗಿ ತಾಂಡೇಲನು ಕೈಗೊಳ್ಳುವ ತೀರ್ಮಾನಕ್ಕೆ ಧಣಿಯು ಅಡ್ಡಬರಬಾರದೆಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ಈ ಒಡಂಬಡಿಕೆ ಜಾರಿಗೆ ಬಂದದ್ದು 2017ರ ನವೆಂಬರ್ 16ರಂದು, ಓಖಿಗೆ ಎರಡು ವಾರ ಮೊದಲು. ಅದೇ ಸಂಸ್ಥೆಯ 1981ರ 155ನೆಯ ಒಡಂಬಡಿಕೆಯು ಪ್ರಾಣಾಪಾಯ ಕಣ್ಣೆದುರಿಗೆ ಕಂಡು ಕೆಲಸದಿಂದ ಹಿಂದೆ ಸರಿದ ಕಾರ್ಮಿಕನಿಗೆ ಅದಕ್ಕಾಗಿ ತೊಂದರೆ ಆಗಬಾರದೆನ್ನುತ್ತದೆ. ಪೌಲನ ಹಡಗಿನಲ್ಲಿ ಇಲ್ಲದ ಹಕ್ಕನ್ನು ದುಡಿಯುವ ಜನರ ಹೋರಾಟ ಕಾಗದದ ಮೇಲಾದರೂ ತಂದಿದೆ. ಅದು ಕಾಗದದಿಂದ ಇಳಿದು ನಮ್ಮ ಬಂದರಿಗೆ ಬರಬೇಕು.

ಬಾರದ ಗಾಳಿಯ ಬೆಲೆ

ಈಗ ನಮ್ಮ ತೀರದ ಕಡೆಗೆ ಬರೋಣ. ಎಚ್ಚರಿಕೆಯಿದ್ದರೂ ಕೆಲವರು ಕಡಲಿಗಿಳಿಯುತ್ತಾರೆ, ಅವಿವೇಕಿಗಳು ಎಂದು ಹೇಳುವವರುಂಟು. ಹಾಗೆ ಹೇಳುವ ಮುನ್ನ ಲೆಕ್ಕವನ್ನು ನೋಡಬೇಕು.

ದೋಣಿಯ ಕೆಲಸದಲ್ಲಿ ತಿಂಗಳ ಸಂಬಳವೆಂಬುದಿಲ್ಲ. ಎಣ್ಣೆ, ಮಂಜುಗಡ್ಡೆ, ಊಟದ ಖರ್ಚು ಕಳೆದು ಉಳಿದದ್ದರಲ್ಲಿ ದೋಣಿಗೂ ಬಲೆಗೂ ಒಂದು ಪಾಲು, ದುಡಿದವರಿಗೆ ಒಂದು ಪಾಲು. ದೋಣಿ ದಡದಲ್ಲಿದ್ದರೆ ಪಾಲು ಸೊನ್ನೆ. ದೋಣಿಯ ಸಾಲದ ಬಡ್ಡಿ ಮಾತ್ರ ಗಾಳಿಯಿದ್ದ ದಿನವೂ ಓಡುತ್ತದೆ. ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ, ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದರೆ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಟ್ರಾಲ್ ಬೋಟಿನವರು ಇದನ್ನು ಮೊದಲೇ ತಿಳಿದು ಹೇಗೋ ಸುಧಾರಿಸಿಕೊಳ್ಳುತ್ತಾರೆ. ಸಾಂಪ್ರದಾಯಿಕ ದೋಣಿಯವರಿಗೆ ಆ ದಿನಗಳೇ ದುಡಿಮೆಯ ದಿನಗಳು. ಎಚ್ಚರಿಕೆಗಳು ಹೆಚ್ಚಾಗಿ ಬರುವುದೂ ಆ ದಿನಗಳಲ್ಲೇ.

ಮುನ್ಸೂಚನೆಯೆಂದರೆ ಸಂಭವದ ಮಾತು. ಅದು ವಿಶಾಲವಾದ ಕಡಲ ಭಾಗಕ್ಕೆ ಅನ್ವಯಿಸುತ್ತದೆ. ಕಣ್ಣೂರಿನ ಆಚೆ ಗಾಳಿ ಬೀಸಿ ಮಂಜೇಶ್ವರದಲ್ಲಿ ಕಡಲು ಕೊಳದಂತೆ ಇರಬಹುದು. ಹೀಗಾದಾಗ ಕಚೇರಿಯಲ್ಲಿದ್ದವರಿಗೆ ನಷ್ಟವಿಲ್ಲ. ಎಚ್ಚರಿಕೆ ಕೊಡದೆ ಗಾಳಿ ಬಂದರೆ ಅವರಿಗೆ ಕೆಟ್ಟ ಹೆಸರು. ಆದುದರಿಂದ ಸಂಶಯವಿದ್ದಾಗ ಎಚ್ಚರಿಕೆ ಕೊಡುವುದೇ ನ್ಯಾಯ, ಅದನ್ನು ನಾವೂ ಬೆಂಬಲಿಸುತ್ತೇವೆ. ಆದರೆ ಬಾರದ ಗಾಳಿಯ ಬೆಲೆಯನ್ನು ತೆರುವವನು ಯಾರು? ಅಂದು ದಡದಲ್ಲಿ ಕುಳಿತ ಕಲಾಸಿ. ಅವನ ಮೀನಿಗಾಗಿ ಬುಟ್ಟಿ ಹಿಡಿದು ಕಾದ ಮೀನು ಮಾರುವ ಹೆಂಗಸು. ಮಂಜುಗಡ್ಡೆ ಹೊರುವವನು, ಬಲೆ ಹೊಲಿಯುವವನು. ಎಚ್ಚರಿಕೆ ಸುಳ್ಳಾದರೆ ಅವರ ಕೂಲಿ ಹೋಯಿತು, ಎಚ್ಚರಿಕೆ ಬಾರದಿದ್ದರೆ ಅವರ ಪ್ರಾಣ ಹೋಯಿತು. ಎರಡು ಕಡೆಯ ನಷ್ಟವೂ ಒಂದೇ ಮನೆಯ ಬಾಗಿಲಿಗೆ ಬರುವ ಈ ಏರ್ಪಾಡು ಧರ್ಮವಲ್ಲ. ಮೂರು ಸಲ ಎಚ್ಚರಿಕೆ ಕೇಳಿ ಮನೆಯಲ್ಲಿ ಕುಳಿತು ಒಲೆ ಉರಿಯದಿದ್ದವನು ನಾಲ್ಕನೆಯ ಸಲ ಕಡಲಿಗೆ ಹೊರಟರೆ ಅವನನ್ನು ಅವಿವೇಕಿಯೆನ್ನಲು ನಮ್ಮ ನಾಲಿಗೆ ಏಳುವುದಿಲ್ಲ.

ಇಂಥ ದಿನಗಳು ಮುಂದೆ ಕಡಿಮೆಯಾಗುವ ಲಕ್ಷಣವೂ ಇಲ್ಲ. ಹಿಂದೆ ಅರಬೀ ಸಮುದ್ರವು ಬಂಗಾಳ ಕೊಲ್ಲಿಗಿಂತ ಸೌಮ್ಯವೆಂದು ಹೆಸರಾಗಿತ್ತು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2001ರಿಂದ 2019ರವರೆಗಿನ ಅವಧಿಯಲ್ಲಿ ಅರಬೀ ಸಮುದ್ರದ ಚಂಡಮಾರುತಗಳ ಸಂಖ್ಯೆ ಅದಕ್ಕೆ ಹಿಂದಿನ ಕಾಲಕ್ಕಿಂತ ಶೇಕಡಾ 52ರಷ್ಟು ಏರಿದೆ. ಅತಿ ತೀವ್ರವಾದವುಗಳು ಶೇಕಡಾ 150ರಷ್ಟು ಹೆಚ್ಚಾಗಿವೆ. ಕಡಲಿನ ಮೇಲ್ನೀರು ಬಿಸಿಯಾಗುತ್ತಿರುವುದೇ ಇದಕ್ಕೆ ಮುಖ್ಯ ಕಾರಣ. ಆ ಬಿಸಿಗೆ ಕಾರಣವಾದ ಹೊಗೆಯನ್ನು ಬಿಟ್ಟವರಲ್ಲಿ ನಾಡದೋಣಿಯವರ ಪಾಲು ಎಷ್ಟು ಎಂಬುದನ್ನು ಓದುಗರೇ ಯೋಚಿಸಲಿ.

ದಾರಿ ಇಲ್ಲವೆಂದಲ್ಲ. 2021ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳಲ್ಲಿ ಹವಾಮಾನದ ಎಚ್ಚರಿಕೆಯಿಂದ ದುಡಿಮೆ ತಪ್ಪಿದ ಸುಮಾರು 1.59 ಲಕ್ಷ ಮೀನುಗಾರ ಕುಟುಂಬಗಳಿಗೆ ತಲಾ 3,000 ರೂಪಾಯಿ ಕೊಡಲು ಕೇರಳ ಸರಕಾರ ತೀರ್ಮಾನಿಸಿತು. ಆ ಮೊತ್ತ ದೊಡ್ಡದಲ್ಲ. ಆದರೆ ಅದರ ಹಿಂದಿನ ತತ್ವ ದೊಡ್ಡದು. ಎಚ್ಚರಿಕೆಯನ್ನು ಪಾಲಿಸಿದವನ ನಷ್ಟದಲ್ಲಿ ಸರಕಾರಕ್ಕೂ ಪಾಲುಂಟೆಂದು ಅದರಿಂದ ಒಪ್ಪಿದಂತಾಯಿತು. ಇದು ಮಂತ್ರಿಮಂಡಲದ ಒಂದು ಸಲದ ದಯೆಯಾಗಿ ಉಳಿಯದೆ ಕಾನೂನಿನ ಹಕ್ಕಾಗಬೇಕೆಂಬುದೇ ನಮ್ಮ ವಾದ. ದುಡಿಮೆಯಿಲ್ಲದ ತಿಂಗಳುಗಳಿಗಾಗಿ ಈಗಿರುವ ಉಳಿತಾಯ ಪರಿಹಾರ ಯೋಜನೆಯಲ್ಲಿ ಕೈಗೆ ಬರುವ 4,500 ರೂಪಾಯಿಯಲ್ಲಿ 1,500 ಮೀನುಗಾರನೇ ಮೊದಲು ಕಟ್ಟಿದ ಹಣ. ಅದನ್ನು ತೋರಿಸಿ ಬಾಯಿ ಮುಚ್ಚಿಸುವುದು ಸರಿಯಲ್ಲ.

ಕಳ್ಳಕಡಲು ಮತ್ತು ನಮ್ಮ ಭಾಷೆ

ಗಾಳಿಯೇ ಇಲ್ಲದೆ ಕಡಲು ಉಕ್ಕಿ ಬರುವುದುಂಟು. ಆಕಾಶ ಶುಭ್ರವಾಗಿರುತ್ತದೆ, ಎಲೆಯೂ ಅಲ್ಲಾಡುವುದಿಲ್ಲ. ಹಠಾತ್ತಾಗಿ ನೀರು ದಡ ಹತ್ತಿ ದೋಣಿಗಳನ್ನು ಎತ್ತಿ ಬಡಿದು, ಬಲೆಗಳನ್ನು ಸೆಳೆದುಕೊಂಡು, ಅಡುಗೆಮನೆಗೆ ನುಗ್ಗುತ್ತದೆ. ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್ ಎಂದರು. ಕಳ್ಳನಂತೆ ಬರುವ ಕಡಲು ಎಂದು ಅರ್ಥ. ಓದಿದವರು ಬಹುಕಾಲ ಇದನ್ನು ಬೆಸ್ತರ ಮಾತೆಂದು ಗಮನಕ್ಕೇ ತೆಗೆದುಕೊಳ್ಳಲಿಲ್ಲ. 2005ರ ಮೇ ತಿಂಗಳಲ್ಲಿ ಕೇರಳದ ತೀರಕ್ಕೆ ಇದು ಜೋರಾಗಿ ನುಗ್ಗಿದ ಮೇಲೆ ವಿಜ್ಞಾನಿಗಳು ಬೆನ್ನುಹತ್ತಿ ಕಾರಣ ಕಂಡುಕೊಂಡರು. ಸಾವಿರಾರು ಕಿಲೋಮೀಟರ್ ದೂರ, ಭೂಮಿಯ ದಕ್ಷಿಣ ತುದಿಯ ಸಾಗರದಲ್ಲಿ ಏಳುವ ಬಿರುಗಾಳಿಯ ಅಲೆಗಳು ದಿನಕ್ಕೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ, ಕೆಲವು ದಿನಗಳ ನಂತರ ನಮ್ಮ ದಡಕ್ಕೆ ಬಡಿಯುತ್ತವೆ. 2012ರಲ್ಲಿ ಯುನೆಸ್ಕೋ ಈ ಮೀನುಗಾರರ ಪದವನ್ನೇ ವಿಜ್ಞಾನದ ಪದವಾಗಿ ಅಂಗೀಕರಿಸಿತು. 2020ರಿಂದ ಇಂಕಾಯ್ಸ್ ಇದಕ್ಕೆ ಪ್ರತ್ಯೇಕ ಮುನ್ಸೂಚನೆ ಕೊಡುತ್ತಿದೆ. 2024ರ ಮಾರ್ಚ್ 31ರಂದು ಕೇರಳದ ತೀರಕ್ಕೆ ನುಗ್ಗಿದ ಕಳ್ಳಕಡಲಿನ ಮೂಲ ಸುಮಾರು 10,000 ಕಿಲೋಮೀಟರ್ ದೂರದ ದಕ್ಷಿಣ ಅಟ್ಲಾಂಟಿಕಿನಲ್ಲಿತ್ತೆಂದು ಅದೇ ಕೇಂದ್ರ ತಿಳಿಸಿತು.

ಇದರಿಂದ ಕಲಿಯಬೇಕಾದದ್ದು ಬಹಳವಿದೆ. ಓದುಬರಹ ಕಡಿಮೆಯಿದ್ದ ದುಡಿಯುವ ಜನ ಕಣ್ಣಾರೆ ಕಂಡು ಹೆಸರಿಟ್ಟದ್ದನ್ನು ವಿಜ್ಞಾನ ನಂತರ ಅಳೆದು ತೋರಿಸಿತು. ಆದುದರಿಂದ ಮುನ್ಸೂಚನೆಯ ಮಾತುಕತೆ ಎರಡು ಕಡೆಯಿಂದಲೂ ನಡೆಯಬೇಕು. ಯಾವ ಅಳಿವೆಯಲ್ಲಿ ಯಾವ ಗಾಳಿಗೆ ಎಂಥ ಅಲೆ ಏಳುತ್ತದೆಂದು ತಾಂಡೇಲರನ್ನು ಕೇಳಿ ಬರೆದುಕೊಳ್ಳಬೇಕು.

ಹಾಗೆ ಮಾತನಾಡಲು ಭಾಷೆ ಬೇಕು. ನಮ್ಮದು ಸಪ್ತಭಾಷೆಗಳ ನಾಡೆಂದು ಸಭೆಗಳಲ್ಲಿ ಹೊಗಳಿಕೊಳ್ಳುತ್ತೇವೆ. ಮಂಜೇಶ್ವರದಿಂದ ಕುಂಬಳೆಯವರೆಗೆ ಕಡಲಿಗಿಳಿಯುವವರಲ್ಲಿ ಮನೆಯಲ್ಲಿ ತುಳು ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿತವರು ಬಹಳ ಮಂದಿ. ತಿರುವನಂತಪುರದಿಂದ ಮಲಯಾಳದಲ್ಲಿ ಬರುವ ಎಚ್ಚರಿಕೆ ಅವರಲ್ಲಿ ಎಲ್ಲರಿಗೂ ಓದಲು ಬರುವುದಿಲ್ಲ. ಕನ್ನಡದಲ್ಲಿ ಸಿಗುವ ಎಚ್ಚರಿಕೆ ಕರ್ನಾಟಕದ ಕರಾವಳಿಯ ಲೆಕ್ಕದ್ದು. ಗಾಳಿಗೆ ತಲಪಾಡಿಯ ಗೇಟು ಗೊತ್ತಿಲ್ಲ, ಕಚೇರಿಗಳಿಗೆ ಗೊತ್ತಿದೆ. ಕೇರಳದ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದೆಂದು 1969ರ ಕೇರಳ ಆಡಳಿತ ಭಾಷಾ ಕಾನೂನಿನಲ್ಲಿದೆ. ಅರ್ಜಿಗೆ ಉತ್ತರ ಕನ್ನಡದಲ್ಲಿ ಬರಬೇಕೆಂದು ನಾವು ಕೇಳುತ್ತ ಬಂದಿದ್ದೇವೆ. ಅರ್ಜಿಗಿಂತ ಮೊದಲು ಕನ್ನಡದಲ್ಲಿ ಬರಬೇಕಾದದ್ದು ಪ್ರಾಣದ ಎಚ್ಚರಿಕೆ. ಭಾಷೆಯ ಹಕ್ಕು ನಾಮಫಲಕದ ವಿಷಯ ಮಾತ್ರವೆಂದು ತಿಳಿದವರು ಇದನ್ನು ಯೋಚಿಸಲಿ. ದೂರದ ರಾಜ್ಯಗಳಿಂದ ಬಂದು ನಮ್ಮ ಬಂದರುಗಳಲ್ಲಿ ದೋಣಿ ಹತ್ತುವ ಸಹೋದರರಿಗೂ ಇದೇ ನ್ಯಾಯ ಸಲ್ಲಬೇಕು.

ಬೇಡಿಕೆಗಳು ಮತ್ತು ನಮ್ಮ ಕರ್ತವ್ಯ

ನಮ್ಮ ವಾದಕ್ಕೆ ಎದುರಾಗಿ ಮೂರು ಮಾತು ಬರುವುದುಂಟು. ದುಡಿಯದ ದಿನಕ್ಕೆ ಹಣ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂಬುದು ಮೊದಲನೆಯದು. ಎಚ್ಚರಿಕೆ ಕೊಡುವುದು ಮೀನುಗಾರನಲ್ಲ, ಆದುದರಿಂದ ಅವನು ಬೇಕೆಂದಾಗ ರಜೆ ಪಡೆಯಲಾರ. ನೌಕರಿಯಲ್ಲಿರುವ ನಾವು ಕಲೆಕ್ಟರರು ಮಳೆಗೆ ರಜೆ ಸಾರಿದ ದಿನದ ಸಂಬಳವನ್ನು ಹಿಂದಿರುಗಿಸುವುದಿಲ್ಲವಷ್ಟೆ. ಹಣವೆಲ್ಲಿದೆ ಎಂಬುದು ಎರಡನೆಯದು. ದೋಣಿ ಮುಳುಗಿದ ಮೇಲೆ ಹೆಲಿಕಾಪ್ಟರು ಹಾರಿಸಲು, ಹೆಣ ಹುಡುಕಲು, ವಿಧವೆಯರಿಗೆ ಪರಿಹಾರ ಕೊಡಲು ಸಿಗುವ ಹಣ ದೋಣಿ ಮುಳುಗುವ ಮೊದಲು ಸಿಗಬಾರದೇಕೆ? ಎಲ್ಲ ದೇವರ ಚಿತ್ತ ಎಂಬುದು ಮೂರನೆಯದು, ಇದು ನಮ್ಮವರೇ ಆಡುವ ಮಾತು. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಗೋಡೆ ಕಟ್ಟಬೇಕು, ಕಟ್ಟದೆ ಯಾರಾದರೂ ಬಿದ್ದರೆ ಆ ರಕ್ತದ ಅಪರಾಧ ಮನೆಗೆ ತಗಲುತ್ತದೆಂದು ಧರ್ಮೋಪದೇಶಕಾಂಡದಲ್ಲಿ ವಿಧಿಸಿದೆ. ಗೋಡೆಯ ಖರ್ಚು ಕೂಡ ಮನೆಯ ಯಜಮಾನನದ್ದೇ. ಬಿದ್ದವನದ್ದು ದೇವರ ಚಿತ್ತವೆಂದು ಅಲ್ಲಿ ಬಿಟ್ಟುಬಿಟ್ಟಿಲ್ಲ.

ಯೆಹೆಜ್ಕೇಲನ 33ನೆಯ ಅಧ್ಯಾಯದ ಕಾವಲುಗಾರನ ಮಾತನ್ನು ಅಧಿಕಾರಿಗಳು ತಿಳಿಯದೆಯೇ ಅನುಸರಿಸುತ್ತಾರೆ. ಕೊಂಬೂದಿದ್ದೇವೆ, ಕೇಳಿಯೂ ಹೋದರೆ ಅವನ ರಕ್ತ ಅವನ ತಲೆಯ ಮೇಲೆಯೇ ಎಂಬುದು ಅವರ ನಿಲುವು. ಪ್ರವಾದಿಯ ಕಾಲದಲ್ಲಿ ಕೊಂಬಿನ ಧ್ವನಿ ಕೇಳಿದವನು ಓಡಿಹೋಗಿ ಪ್ರಾಣ ಉಳಿಸಿಕೊಳ್ಳಬಹುದಿತ್ತು. ಸಾಲದಿಂದ, ಗುತ್ತಿಗೆಯಿಂದ ಕಾಲು ಕಟ್ಟಿಸಿಕೊಂಡವನಿಗೆ ಕೊಂಬೂದಿ ಕಾವಲುಗಾರ ಕೈತೊಳೆದುಕೊಳ್ಳುವಂತಿಲ್ಲ. ಅವನ ಕಟ್ಟನ್ನೂ ಬಿಚ್ಚಬೇಕು.

ಆದುದರಿಂದ ನಾವು ಕೇಳುವುದಿಷ್ಟು. ಕಡಲಿಗಿಳಿಯಬಾರದೆಂದು ಸರಕಾರ ಸಾರಿದ ಪ್ರತಿಯೊಂದು ದಿನಕ್ಕೂ ನೋಂದಾಯಿತ ಮೀನುಗಾರನಿಗೆ ಮತ್ತು ಮೀನನ್ನೇ ನಂಬಿದ ದಡದ ಕೆಲಸಗಾರರಿಗೆ, ಹೆಂಗಸರನ್ನು ಬಿಡದೆ, ನಿಗದಿಯಾದ ದಿನಗೂಲಿ ಸಿಗಬೇಕು. ಎಚ್ಚರಿಕೆಯ ದಿನ ದೋಣಿ ಹತ್ತಲು ಒಪ್ಪದ ಕಲಾಸಿಯ ಕೆಲಸ ಹೋಗಬಾರದು. ಕಾಸರಗೋಡಿನ ಕಡಲಿನ ಎಚ್ಚರಿಕೆ ಕನ್ನಡದಲ್ಲಿಯೂ, ಧ್ವನಿಯಾಗಿ ತುಳುವಿನಲ್ಲಿಯೂ ಹೊರಡಬೇಕು. ದೋಣಿ ಮತ್ತು ದಡದ ನಡುವೆ ಸಂದೇಶ ಸಾಗಿಸುವ ಒಂದು ಲಕ್ಷ ಟ್ರಾನ್ಸ್‌ಪಾಂಡರುಗಳ ಯೋಜನೆಯನ್ನು ಕೇಂದ್ರ ಸರಕಾರ 2024ರ ಆಗಸ್ಟ್ 30ರಂದು ಆರಂಭಿಸಿತು. ಅದು ದೊಡ್ಡ ಬೋಟುಗಳಲ್ಲೇ ನಿಲ್ಲದೆ ಸಣ್ಣ ಇಂಜಿನಿನ ದೋಣಿಗಳಿಗೂ ತಲುಪಬೇಕು. ದೋಣಿಯಲ್ಲಿ ಎಷ್ಟು ತಲೆಯೋ ಅಷ್ಟು ಜೀವರಕ್ಷಕ ಅಂಗಿ ಇರಬೇಕು, ಅದರ ಖರ್ಚು ಕಲಾಸಿಯ ಪಾಲಿನಿಂದ ಕಡಿತವಾಗಬಾರದು.

ಕೇಳುವುದರೊಂದಿಗೆ ಮಾಡುವುದೂ ಉಂಟು. ಕಡಲ ತಡಿಗೆ ಹತ್ತಿರವಿರುವ ನಮ್ಮ ಸಭೆಗಳ ಸೂಚನಾಫಲಕದಲ್ಲಿ ದಿನದ ಕಡಲ ಎಚ್ಚರಿಕೆಯನ್ನು ಕನ್ನಡದಲ್ಲಿ ಬರೆದು ಹಾಕಲು ಯುವಕರು ಮುಂದೆ ಬರಲಿ. ಮಲಯಾಳ, ಇಂಗ್ಲಿಷ್ ಬಲ್ಲವರು ನಮ್ಮಲ್ಲಿ ಸಾಕಷ್ಟು ಮಂದಿ ಇದ್ದಾರೆ. ನೆರೆಯ ದೇವಸ್ಥಾನ, ಭಜನಾ ಮಂದಿರ, ಮಸೀದಿಗಳವರೊಡನೆ ಸೇರಿ ಇದನ್ನು ಮಾಡುವುದು ಇನ್ನೂ ಲೇಸು. ಸುಗ್ಗಿಯ ಕಾಣಿಕೆಯಲ್ಲಿ ಒಂದು ಪಾಲನ್ನು ತೆಗೆದಿಟ್ಟು, ಎಚ್ಚರಿಕೆ ಬಿಡದೆ ಮುಂದುವರಿದ ವಾರದಲ್ಲಿ ತೀರದ ಮನೆಗಳಿಗೆ ಅಕ್ಕಿ ಕೊಡುವ ಏರ್ಪಾಡಿನ ಬಗ್ಗೆ ಸಭಾಪಾಲನಾ ಸಮಿತಿಗಳು ಚರ್ಚಿಸಲಿ. ಇದರಿಂದ ಸರಕಾರದ ಹೊಣೆ ಇಳಿಯುವುದಿಲ್ಲ, ನಮ್ಮ ಹೊಣೆ ಅಷ್ಟಿಷ್ಟು ಸಂದೀತು. ಇವಕ್ಕಿಂತ ಸುಲಭವಾದದ್ದು ಇನ್ನೊಂದಿದೆ. ಗಾಳಿಯ ದಿನ ಮಾರುಕಟ್ಟೆಯಲ್ಲಿ ಹಸಿ ಮೀನು ಇಲ್ಲವೆಂದು ಗೊಣಗುವ ಮುನ್ನ, ಇಲ್ಲದ್ದೇ ಒಳ್ಳೆಯದಾಯಿತು, ಮನುಷ್ಯರೆಲ್ಲ ದಡದಲ್ಲಿದ್ದಾರೆ ಎಂದು ಕರ್ತನಿಗೆ ಸ್ತೋತ್ರ ಹೇಳಲು ಕಲಿಯೋಣ.

ಭಾನುವಾರದ ಪ್ರಾರ್ಥನೆಗಳಲ್ಲಿ ಕಡಲ ಮೇಲಿರುವವರನ್ನು ನೆನೆಯುವ ವಾಡಿಕೆ ನಮ್ಮಲ್ಲಿ ಹಿಂದಿನಿಂದಲೂ ಇದೆ. ಅದರ ಜೊತೆಗೆ, ಕಡಲಿಗೆ ಹೋಗದೆ ಉಳಿದು ಅದರ ಬೆಲೆ ತೆರುವವರನ್ನೂ ಇನ್ನು ಮುಂದೆ ಹೆಸರೆತ್ತಿ ನೆನೆಯೋಣ. ಪ್ರಾರ್ಥನೆ ಮುಗಿಸಿ ಎದ್ದ ಮೇಲೆ ಪಂಚಾಯತಿಗೂ ಮೀನುಗಾರಿಕಾ ಇಲಾಖೆಗೂ ಕೊಡಬೇಕಾದ ಮನವಿಗೆ ಕನ್ನಡದಲ್ಲೇ ಸಹಿ ಹಾಕೋಣ.